ಯಂತ್ರದೊಳಗಿನ ಸೂಜಿ ಬೇರಿಂಗು

ಒಂದು ಮಳೆಗಾಲದ ನಡುವೆ ನಮ್ಮ ತೋಟದ ಕಳೆ ಕೊಚ್ಚುವ ಯಂತ್ರ ಒಮ್ಮೆಲೇ ನಿಂತುಬಿಟ್ಟಿತು. ಹಗ್ಗ ಎಳೆದರೆ ಅರ್ಧಕ್ಕೇ ಹಿಡಿದುಕೊಳ್ಳುತ್ತಿತ್ತು. ರಿಪೇರಿಗೆ ಒಯ್ದಾಗ ಮೆಕ್ಯಾನಿಕ್ ಇಂಜಿನ್ ಬಿಚ್ಚಿ, ಪಿಸ್ಟನ್ನಿನ ಒಳಗಿಂದ ಒಂದು ಪುಟ್ಟ ಉಂಗುರವನ್ನು ತೆಗೆದು ನಮ್ಮ ಅಂಗೈ ಮೇಲೆ ಇಟ್ಟ. ಕಿರುಬೆರಳಿಗೂ ಸರಿಯಾಗಿ ಹೋಗದಷ್ಟು ಚಿಕ್ಕದು. ಅದರ ಸುತ್ತ ಗೂಡುಗಳಲ್ಲಿ ಸಾಲಾಗಿ ನಿಂತ ಉಕ್ಕಿನ ಕಡ್ಡಿಗಳಲ್ಲಿ ಎರಡು ಮುರಿದಿದ್ದವು, ಉಳಿದವು ನೀಲಿಗಟ್ಟಿದ್ದವು. ಹೊಸದು ಹಾಕಿಸಿ ತಂದೆವು. ಸರಿಯಾಗಿ ಮೂರು ವಾರ ನಡೆದು ಮತ್ತೆ ಅದೇ ಕಥೆ. ಎರಡನೆಯ ಸಲ ಯಂತ್ರವನ್ನು ನೋಡಿದ ಹಿರಿಯ ಮೆಕ್ಯಾನಿಕ್ ಪಿಸ್ಟನ್ನಿನ ಪಿನ್ನನ್ನು ಬೆಳಕಿಗೆ ಹಿಡಿದು, ಅದರ ಮೇಲೆ ಉಗುರು ಆಡಿಸಿ, "ನೋಡಿ ಸಾರ್, ಬೇರಿಂಗು ಮಾತ್ರ ಹೊಸದು, ಅದು ಓಡುವ ದಾರಿ ಹಳೆಯದೇ ಇದೆ" ಎಂದರು. ಸಣ್ಣ ಪಿನ್ನೊಂದನ್ನು ಉಳಿಸಲು ಹೋಗಿ ಎರಡು ಸಲದ ಕೂಲಿ, ಎರಡು ಬೇರಿಂಗು, ಕಳೆ ಹೊಡೆಯುವ ಹದದ ಹದಿನೈದು ದಿನ ಎಲ್ಲವನ್ನೂ ಕಳೆದುಕೊಂಡಿದ್ದೆವು.

ಆ ಉಂಗುರಕ್ಕೆ ಸೂಜಿ ಬೇರಿಂಗು ಎಂದು ಹೆಸರು. ಅಂಗಡಿಯವರು ನೀಡಲ್ ಬೇರಿಂಗ್ ಎನ್ನುತ್ತಾರೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರ ಮನೆಯಲ್ಲಿ ಇಂದು ಕಳೆ ಯಂತ್ರವೋ, ಚೈನ್ ಗರಗಸವೋ, ಬೆನ್ನಿಗೆ ಹೊರುವ ಔಷಧಿ ಸಿಂಪಡಣೆಯ ಯಂತ್ರವೋ, ಹಳೆಯ ಜೀಪೋ ಇದ್ದೇ ಇದೆ. ಇವೆಲ್ಲವುಗಳಲ್ಲಿಯೂ ಈ ಬೇರಿಂಗು ಕಣ್ಣಿಗೆ ಬೀಳದಂತೆ ಕುಳಿತಿರುತ್ತದೆ. ಆದ್ದರಿಂದ ಇದರ ವಿಚಾರ ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದೆಂದು ಈ ಲೇಖನ.

ಉರುಳುವುದರ ಗುಟ್ಟು

ಕಡಿದ ಮರದ ದಿಮ್ಮಿಯನ್ನು ನೆಲದ ಮೇಲೆ ಎಳೆಯಬೇಕಾದರೆ ಎಂಟು ಜನ ಬೇಕು. ಅದರ ಅಡಿಗೆ ಅಡಿಕೆ ಮರದ ನಾಲ್ಕು ತುಂಡುಗಳನ್ನು ಅಡ್ಡ ಇಟ್ಟರೆ ಮೂವರು ಸಾಕು. ಉಜ್ಜಿಕೊಂಡು ಜಾರುವುದಕ್ಕಿಂತ ಉರುಳುವುದು ಸುಲಭ. ಎಲ್ಲ ಬೇರಿಂಗುಗಳ ಮೂಲವೂ ಇಷ್ಟೇ. ಶಾಫ್ಟಿಗೂ ಅದನ್ನು ಹಿಡಿದ ತೂತಿಗೂ ನಡುವೆ ಉರುಳುವ ವಸ್ತುವನ್ನು ಇಡುತ್ತಾರೆ. ಅದು ಗುಂಡಾಗಿದ್ದರೆ ಬಾಲ್ ಬೇರಿಂಗು, ಉರುಳೆಯಾಗಿದ್ದರೆ ರೋಲರ್ ಬೇರಿಂಗು. ಉರುಳೆ ತೀರ ಸಪೂರವಾಗಿದ್ದು, ಅದರ ಉದ್ದ ದಪ್ಪದ 3ರಿಂದ 10 ಪಟ್ಟು ಇದ್ದರೆ ಅದು ಸೂಜಿ ಬೇರಿಂಗು. ಸೂಜಿಯೆಂದರೆ ಮೊನೆಯಿರುವ ಸೂಜಿಯಲ್ಲ, ಎರಡೂ ತುದಿ ಮೊಂಡಾದ ಉಕ್ಕಿನ ಕಡ್ಡಿ.

ಗುಂಡು ತಾನು ಕುಳಿತ ಜಾಗವನ್ನು ಒಂದು ಚುಕ್ಕೆಯಷ್ಟೇ ಮುಟ್ಟುತ್ತದೆ. ಕಡ್ಡಿ ತನ್ನ ಉದ್ದಕ್ಕೂ ಒಂದು ಗೆರೆಯಾಗಿ ಮುಟ್ಟುತ್ತದೆ. ಭಾರ ಆ ಗೆರೆಯುದ್ದಕ್ಕೂ ಹಂಚಿಹೋಗುತ್ತದೆ. ಮೇಲಾಗಿ ಕಡ್ಡಿಗಳು ಸಪೂರವಾದ್ದರಿಂದ ಒಂದೇ ಸುತ್ತಿನಲ್ಲಿ ಬಹಳಷ್ಟನ್ನು ಜೋಡಿಸಬಹುದು. ಉದಾಹರಣೆಗೆ 15 ಮಿ.ಮೀ. ಶಾಫ್ಟಿಗೆ ಹಾಕುವ 6202 ನಂಬರಿನ ಬಾಲ್ ಬೇರಿಂಗಿನ ಹೊರ ಅಳತೆ 35 ಮಿ.ಮೀ., ಅಗಲ 11 ಮಿ.ಮೀ. ಅದೇ ಶಾಫ್ಟಿಗೆ ಬರುವ ಎಚ್‌.ಕೆ. 1512 ನಂಬರಿನ ಸೂಜಿ ಬೇರಿಂಗಿನ ಹೊರ ಅಳತೆ ಬರೀ 21 ಮಿ.ಮೀ., ಅಗಲ 12 ಮಿ.ಮೀ. ಒಂದರ ಗೋಡೆ 10 ಮಿ.ಮೀ. ದಪ್ಪ, ಇನ್ನೊಂದರದು 3 ಮಿ.ಮೀ. ಆದರೆ ಎರಡೂ ಹೊರುವ ಭಾರ ಹೆಚ್ಚು ಕಡಿಮೆ ಸರಿಸಮ. ಬೆನ್ನಿಗೆ ಅಥವಾ ಹೆಗಲಿಗೆ ಹೊರುವ ಯಂತ್ರದಲ್ಲಿ ಒಂದೊಂದು ಮಿ.ಮೀ. ಜಾಗವೂ ತೂಕವೂ ಲೆಕ್ಕಕ್ಕೆ ಬರುವುದರಿಂದ ಇದನ್ನು ಆರಿಸಿಕೊಂಡಿದ್ದಾರೆ.

ಇಷ್ಟು ತೆಳ್ಳಗಾಗಲು ಸೂಜಿ ಬೇರಿಂಗು ಒಂದನ್ನು ಬಿಟ್ಟುಕೊಟ್ಟಿದೆ. ಬಾಲ್ ಬೇರಿಂಗಿನಲ್ಲಿ ಒಳಗೊಂದು, ಹೊರಗೊಂದು ಬಳೆಯಿದ್ದು ಗುಂಡುಗಳು ಆ ಬಳೆಗಳ ಮೇಲೆಯೇ ಓಡುತ್ತವೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ದಾರಿಯೂ ಹೊಸದಾಗುತ್ತದೆ. ಸೂಜಿ ಬೇರಿಂಗಿನಲ್ಲಿ ಸಾಮಾನ್ಯವಾಗಿ ಒಳಬಳೆ ಇರುವುದಿಲ್ಲ. ಕಡ್ಡಿಗಳು ನೇರವಾಗಿ ಶಾಫ್ಟಿನ ಮೇಲೆ ಓಡುತ್ತವೆ. ಅಂದರೆ ಶಾಫ್ಟೇ ಬೇರಿಂಗಿನ ಅರ್ಧ ಭಾಗ. ಅಂಗಡಿಯಲ್ಲಿ ನಾವು ದುಡ್ಡು ಕೊಟ್ಟು ತರುವುದು ಉಳಿದ ಅರ್ಧವನ್ನು ಮಾತ್ರ. ನಮ್ಮ ಯಂತ್ರ ಎರಡು ಸಲ ಕೆಟ್ಟದ್ದು ಈ ವಿಷಯ ತಿಳಿಯದ್ದರಿಂದ.

ಆ ಕಾರಣಕ್ಕೇ ಶಾಫ್ಟು ಅಥವಾ ಪಿನ್ನು ಕಡ್ಡಿಯಷ್ಟೇ ಗಡುಸಾಗಿರಬೇಕು. ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 64ರಷ್ಟು ಗಡುಸುತನವನ್ನು ತಯಾರಕರು ಕೇಳುತ್ತಾರೆ. ಅರ ಕೂಡ ಅದರ ಮೇಲೆ ಕಚ್ಚದೆ ಜಾರಬೇಕು. ಬಿಡಿಭಾಗ ಸಿಗಲಿಲ್ಲವೆಂದು ಲೇತ್ ಅಂಗಡಿಯಲ್ಲಿ ಸಾದಾ ಕಬ್ಬಿಣದ ಸರಳಿನಿಂದ ಪಿನ್ನು ಕಡೆಸಿ ಹಾಕುವ ಪದ್ಧತಿ ನಮ್ಮಲ್ಲಿದೆ. ಬುಷ್ ಇರುವ ಕಡೆ ಅದು ಹೇಗೋ ನಡೆದೀತು. ಸೂಜಿ ಬೇರಿಂಗಿಗೆ ಸರ್ವಥಾ ಆಗದು. ಕಡ್ಡಿಗಳು ಕೆಲವೇ ಗಂಟೆಗಳಲ್ಲಿ ಆ ಮೆದು ಕಬ್ಬಿಣದಲ್ಲಿ ಗೀರು ತೋಡುತ್ತವೆ. ಗಡುಸಾದ ಶಾಫ್ಟು ಸಿಗುವ ದಾರಿಯೇ ಇಲ್ಲದಿದ್ದರೆ ಪ್ರತ್ಯೇಕ ಒಳಬಳೆ ಇರುವ ಸೂಜಿ ಬೇರಿಂಗುಗಳೂ ಇವೆ. ಜಾಗವಿದ್ದಲ್ಲಿ ಅವನ್ನು ಕೇಳಿ ತರಬಹುದು.

ಗೂಡಿನ ಕಥೆ

ದಿಮ್ಮಿ ಉರುಳಿಸಿದವರಿಗೆ ಇನ್ನೊಂದು ಸಂಗತಿ ಗೊತ್ತು. ಅಡಿಯಲ್ಲಿಟ್ಟ ತುಂಡು ಸ್ವಲ್ಪ ಓರೆಯಾದರೂ ಸಾಕು, ದಿಮ್ಮಿ ಪಕ್ಕಕ್ಕೆ ತಿರುಗುತ್ತದೆ, ತುಂಡು ಸಿಕ್ಕಿಹಾಕಿಕೊಳ್ಳುತ್ತದೆ. ಉದ್ದವಾಗಿಯೂ ಸಪೂರವಾಗಿಯೂ ಇರುವ ಸೂಜಿಗಳಿಗೂ ಇದೇ ಕಾಯಿಲೆ. ಜೊತೆಗೆ ಇನ್ನೊಂದು ತೊಂದರೆ. ಒತ್ತಾಗಿ ಜೋಡಿಸಿದ ಕಡ್ಡಿಗಳೆಲ್ಲ ಒಂದೇ ದಿಕ್ಕಿಗೆ ತಿರುಗುವುದರಿಂದ, ಅಕ್ಕಪಕ್ಕದ ಎರಡು ಕಡ್ಡಿಗಳು ಮುಟ್ಟುವಲ್ಲಿ ಒಂದರ ಮೈ ಮೇಲಕ್ಕೆ, ಇನ್ನೊಂದರ ಮೈ ಕೆಳಕ್ಕೆ ಸಾಗುತ್ತ ಪರಸ್ಪರ ಉಜ್ಜುತ್ತವೆ. ನಿಧಾನವಾಗಿ ತಿರುಗುವಲ್ಲಿ ಇದು ಪರವಾಗಿಲ್ಲ, ವೇಗ ಹೆಚ್ಚಾದರೆ ಬಿಸಿಯೇರುತ್ತದೆ.

ಇದಕ್ಕೆ ಪರಿಹಾರವಾಗಿ, ಪ್ರತಿಯೊಂದು ಕಡ್ಡಿಯನ್ನೂ ಪ್ರತ್ಯೇಕ ಗೂಡಿನಲ್ಲಿ ನೆಟ್ಟಗೆ ಹಿಡಿದಿಡುವ ಪಂಜರವನ್ನು 1949ರಲ್ಲಿ ಜರ್ಮನಿಯ ಜಾರ್ಜ್ ಶಾಫ್ಲರ್ ರೂಪಿಸಿದರು. ಅವರೂ ಅವರ ಅಣ್ಣ ವಿಲ್ಹೆಲ್ಮರೂ 1946ರಲ್ಲಿ ಹೆರ್ಟ್ಸೋಗೆನ್‌ಆರಾಕ್ ಎಂಬ ಊರಿನಲ್ಲಿ ಕಾರ್ಖಾನೆ ಆರಂಭಿಸಿದಾಗ ಯುದ್ಧ ಮುಗಿದ ಬಡತನದ ಕಾಲ. ಮೊದಲಿಗೆ ಅಲ್ಲಿ ಮರದ ಕೈಗಾಡಿಗಳನ್ನೂ ಮಾಡಿ ಮಾರುತ್ತಿದ್ದರಂತೆ. ಪಂಜರ ಬಂದ ಮೇಲೆ ಸೂಜಿ ಬೇರಿಂಗು ವೇಗದ ಕೆಲಸಕ್ಕೂ ಒದಗುವಂತಾಗಿ, ವಾಹನಗಳ ಗೇರ್ ಪೆಟ್ಟಿಗೆಯೊಳಗೆ ಸೇರಿಕೊಂಡಿತು. ಇಂದು ಪಂಜರವಿರುವ ಮತ್ತು ಪಂಜರವಿಲ್ಲದ ಎರಡೂ ಬಗೆ ಬಳಕೆಯಲ್ಲಿವೆ. ವೇಗ ಹೆಚ್ಚಿರುವಲ್ಲಿ ಮೊದಲನೆಯದು, ಭಾರ ಹೆಚ್ಚಾಗಿದ್ದು ಓಲಾಟ ಮಾತ್ರ ಇರುವಲ್ಲಿ ಎರಡನೆಯದು. ನಮ್ಮ ಕಳೆ ಯಂತ್ರದಲ್ಲಿರುವುದು ಪಂಜರದ್ದು, ಜೀಪಿನ ಕ್ರಾಸಿನಲ್ಲಿರುವುದು ಬಿಡಿ ಸೂಜಿಗಳದ್ದು.

ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ

ಕಳೆ ಯಂತ್ರದ ಇಂಜಿನ್ನು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುತ್ತದೆ. ಪಿಸ್ಟನ್ನಿಗೂ ಕನೆಕ್ಟಿಂಗ್ ರಾಡಿಗೂ ನಡುವೆ ಇರುವ ಪಿನ್ನಿನ ಮೇಲೆ ರಾಡಿನ ತಲೆ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆಯೇ ಹೊರತು ಪೂರ್ತಿ ಸುತ್ತುವುದಿಲ್ಲ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಪಿನ್ನಿನ ಮೇಲಿನ ಒತ್ತಡ ನಡುನಡುವೆ ಸಡಿಲಿ, ಆ ಹೊತ್ತಿಗೆ ಎಣ್ಣೆ ಒಳಗೆ ನುಸುಳುತ್ತದೆ. ಎರಡು ಸ್ಟ್ರೋಕಿನದರಲ್ಲಿ ಪ್ರತಿ ಸುತ್ತಿಗೂ ಉರಿ ಹೊಡೆಯುವುದರಿಂದ ಒತ್ತಡ ಬಹುಮಟ್ಟಿಗೆ ಒಂದೇ ಕಡೆಗೆ ಇರುತ್ತದೆ. ಬುಷ್ ಹಾಕಿದರೆ ಎಣ್ಣೆ ಒಳಸೇರುವುದು ಕಷ್ಟ. ಆದ್ದರಿಂದಲೇ ಅಲ್ಲಿ ಸೂಜಿ ಬೇರಿಂಗು. ಅದಕ್ಕೆ ಎಣ್ಣೆ ಬಹಳ ಬೇಡ, ತೆಳುವಾದ ಪಸೆ ಸಾಕು.

ಆದರೆ ಆ ಪಸೆ ಬರುವುದು ಎಲ್ಲಿಂದ? ಇಂತಹ ಇಂಜಿನ್ನಿನಲ್ಲಿ ಎಣ್ಣೆಗೆ ಬೇರೆ ತೊಟ್ಟಿಯಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಮಂಜಿನಂತೆ ಹೋಗಿ ಸೂಜಿಗಳ ಮೇಲೆ ಕೂರಬೇಕು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕು ಓಡಿಸಿದ ಹಿರಿಯರಿಗೆ ಬಂಕಿನಲ್ಲಿ ಎಣ್ಣೆ ಹಾಕಿಸಿ ಟ್ಯಾಂಕು ಕುಲುಕುತ್ತಿದ್ದ ನೆನಪಿರಬಹುದು. ಇಂದಿನ ಹುಡುಗರಿಗೆ ಆ ಅಭ್ಯಾಸ ತಪ್ಪಿದೆ. ಆಳು ಅವಸರದಲ್ಲಿ ಬರೀ ಪೆಟ್ರೋಲು ಸುರಿದು ಯಂತ್ರ ಹೊಡೆದರೆ ಮೊದಲು ಒಣಗುವ ಜಾಗಗಳಲ್ಲಿ ಈ ಬೇರಿಂಗು ಒಂದು. ಐವತ್ತಕ್ಕೆ ಒಂದರ ಪ್ರಮಾಣವೆಂದರೆ ಲೀಟರಿಗೆ 20 ಮಿ.ಲೀ., ಇಪ್ಪತ್ತೈದಕ್ಕೆ ಒಂದೆಂದರೆ 40 ಮಿ.ಲೀ. ಯಾವುದು ಎಂಬುದು ಯಂತ್ರದ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಪಕ್ಕದ ಮನೆಯವರ ಯಂತ್ರದ ಲೆಕ್ಕ ನಮ್ಮದಕ್ಕೆ ಹೊಂದಬೇಕೆಂದಿಲ್ಲ. ಮುಚ್ಚಳದ ಅಂದಾಜು ಬೇಡ. ಔಷಧಿ ಅಳೆಯುವ ಗೀಟಿನ ಲೋಟವೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಬೇಕು. ನಾಲ್ಕು ಸ್ಟ್ರೋಕಿನ ಹೆಚ್ಚಿನ ಕಳೆ ಯಂತ್ರಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು, ಅವುಗಳ ಎಣ್ಣೆ ಬೇರೆಯೇ ಇರುತ್ತದೆ.

ಇನ್ನೊಂದು ಹೊಸ ಕಾಲದ ತೊಂದರೆಯನ್ನೂ ಹೇಳಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ, ಬಾಯಿ ಸಡಿಲವಾದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿಗೆ ನೀರು ಹೆಚ್ಚು ಸೇರಿದರೆ, ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎರಡು ಸ್ಟ್ರೋಕಿನ ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನ ಜೊತೆಗೇ ಉಳಿಯುತ್ತದೆ. ಯಂತ್ರದ ಕೊಳವೆ ಹೀರುವುದು ತಳದಿಂದ. ನಾವು ಅಳತೆ ಸರಿಯಾಗಿಯೇ ಬೆರೆಸಿದ್ದರೂ ಸೂಜಿಗಳಿಗೆ ಎಣ್ಣೆ ತಲುಪದೆ ಹೋಗುವುದು ಹೀಗೆ. ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ, ಗಟ್ಟಿ ಮುಚ್ಚಳದ ಕ್ಯಾನಿನಲ್ಲಿಟ್ಟು, ಕೆಲಸ ಮುಗಿದ ಕಾಲಕ್ಕೆ ಟ್ಯಾಂಕು ಖಾಲಿ ಮಾಡಿಡುವುದು ಕ್ಷೇಮ.

ಚೈನ್ ಗರಗಸದ ಕ್ಲಚ್ಚಿನ ಡ್ರಮ್ಮಿನೊಳಗೂ ಒಂದು ಪಂಜರದ ಸೂಜಿ ಬೇರಿಂಗಿದೆ. ಇದರ ಸ್ವಭಾವ ವಿಚಿತ್ರ. ಮರ ಕೊಯ್ಯುವಾಗ ಡ್ರಮ್ಮೂ ಶಾಫ್ಟೂ ಒಟ್ಟಿಗೇ ತಿರುಗುವುದರಿಂದ ಬೇರಿಂಗಿಗೆ ಕೆಲಸವೇ ಇಲ್ಲ. ಇಂಜಿನ್ನು ನಿಧಾನವಾಗಿ ಓಡುತ್ತ ಚೈನು ನಿಂತಿರುವಾಗ ಮಾತ್ರ ಡ್ರಮ್ಮು ನಿಂತು ಶಾಫ್ಟು ತಿರುಗಿ ಸೂಜಿಗಳು ದುಡಿಯುತ್ತವೆ. ಗರಗಸವನ್ನು ಚಾಲೂ ಇಟ್ಟೇ ನೆಲದ ಮೇಲಿಟ್ಟು ಹರಟುವವರು ಇದನ್ನು ಅರಿಯರು. ಪೆಟ್ರೋಲಿನ ಎಣ್ಣೆ ಇಲ್ಲಿಗೆ ತಲುಪುವುದೂ ಇಲ್ಲ. ಚೈನು ಬದಲಿಸುವಾಗ ಡ್ರಮ್ಮು ತೆಗೆದು, ಮರದ ಪುಡಿ ಒರೆಸಿ, ಚಿಟಿಕೆ ಗ್ರೀಸು ಹಚ್ಚಬೇಕು. ಈ ಬೇರಿಂಗು ಒಣಗಿ ಹಿಡಿದುಕೊಂಡರೆ ಆಕ್ಸಿಲರೇಟರ್ ಬಿಟ್ಟ ಮೇಲೂ ಚೈನು ತಿರುಗುತ್ತಲೇ ಇರುತ್ತದೆ. ಕೈಕಾಲಿಗೆ ಅಪಾಯ ಬರುವ ಸಂಗತಿಯಿದು.

ಜೀಪಿನ ಕ್ರಾಸು

ಗೇರ್ ಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಗೆ ಕೂಡು ಗುರುತಿನ ಆಕಾರದ ಉಕ್ಕಿನ ತುಂಡಿದೆ. ಮೆಕ್ಯಾನಿಕ್‌ಗಳು ಇದನ್ನೇ ಕ್ರಾಸು ಎನ್ನುವುದು. ಅದರ ನಾಲ್ಕು ತೋಳುಗಳಿಗೂ ಒಂದೊಂದು ಬಟ್ಟಲು, ಬಟ್ಟಲೊಳಗೆ ಪಂಜರವಿಲ್ಲದೆ ಒತ್ತಾಗಿ ನಿಂತ ಬಿಡಿ ಸೂಜಿಗಳು. ಇಂಜಿನ್ನಿನ ಎಳೆತವೆಲ್ಲ ಈ ಸೂಜಿಗಳ ಮೂಲಕವೇ ಹಾಯಬೇಕು. ತಮಾಷೆಯೆಂದರೆ ಶಾಫ್ಟು ಎಷ್ಟೇ ವೇಗವಾಗಿ ತಿರುಗಲಿ, ಬಟ್ಟಲಿನಲ್ಲಿ ಸೂಜಿಗಳು ಕೆಲವೇ ಡಿಗ್ರಿ ಅತ್ತಿತ್ತ ಓಲಾಡುತ್ತವೆ. ಆಯುಷ್ಯವಿಡೀ ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಗ್ರೀಸು ಆರಿದರೆ ಪ್ರತಿ ಸೂಜಿಯೂ ತೋಳಿನ ಮೇಲೆ ತನ್ನದೇ ಒಂದು ಗೆರೆ ತೋಡುತ್ತದೆ. ಕೆಟ್ಟ ಕ್ರಾಸನ್ನು ಬಿಚ್ಚಿದಾಗ ತೋಳಿನ ಸುತ್ತ ಸಾಲು ಸಾಲು ಗೀಟು ಕಾಣುವುದು ಇದರಿಂದಲೇ. ಶಾಫ್ಟು ಪೂರ್ತಿ ನೇರವಾಗಿದ್ದರೂ ಸೂಜಿಗಳು ಅಲುಗದೆ ಇದೇ ಗತಿಯಾದೀತೆಂದು, ಅದನ್ನು ಒಂದೆರಡು ಡಿಗ್ರಿಯಾದರೂ ಓರೆಯಾಗಿ ಕೂರಿಸಿರುತ್ತಾರೆ.

ಇಲ್ಲಿ ನಷ್ಟ ಬರೀ ದುಡ್ಡಿನದಲ್ಲ. ನಮ್ಮ ಪರಿಚಿತರೊಬ್ಬರು ಕಾಫಿ ಚೀಲ ತುಂಬಿದ ಹಳೆಯ ಜೀಪನ್ನು ತೋಟದ ಏರಿನಲ್ಲಿ ಹತ್ತಿಸುವಾಗ ಹಿಂದಿನ ಕ್ರಾಸು ಮುರಿಯಿತು. ಎಳೆತ ತಪ್ಪಿ ಜೀಪು ನಿಂತಿತು. ಹ್ಯಾಂಡ್ ಬ್ರೇಕ್ ಎಳೆದು ಇಳಿಯಲು ಹೊರಟರೆ ಗಾಡಿ ಹಿಂದಕ್ಕೆ ಜಾರತೊಡಗಿತು. ಕಾಲಿನ ಬ್ರೇಕು ಒತ್ತಿಯೇ ಹಿಡಿದು, ಆಳನ್ನು ಕೂಗಿ ಗಾಲಿಗೆ ಕಲ್ಲು ಕೊಡಿಸಿದ್ದರಿಂದ ಬಚಾವಾದರು. ಕಾರಣ ಇಷ್ಟೇ: ಹಳೆಯ ಮಾದರಿಯ ಹಲವು ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಇರುವುದು ಗಾಲಿಯಲ್ಲಲ್ಲ, ಗೇರ್ ಪೆಟ್ಟಿಗೆಯ ಹಿಂದೆ, ಪ್ರೊಪೆಲ್ಲರ್ ಶಾಫ್ಟು ಹೊರಡುವ ಜಾಗದಲ್ಲಿ. ಅದು ಗಾಲಿಯನ್ನು ಹಿಡಿಯುವುದು ಈ ಶಾಫ್ಟಿನ ಮೂಲಕ. ಕ್ರಾಸು ಮುರಿದರೆ ಹಿಂದಿನ ಗಾಲಿಗೂ ಹ್ಯಾಂಡ್ ಬ್ರೇಕಿಗೂ ಸಂಬಂಧವೇ ತಪ್ಪುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಅಷ್ಟೇ. ನಮ್ಮ ಜೀಪು ಯಾವ ಬಗೆಯದೆಂದು ಪ್ರತಿಯೊಬ್ಬರೂ ಮೆಕ್ಯಾನಿಕ್ಕನ್ನು ಕೇಳಿ ತಿಳಿದಿರಬೇಕು. ಏರಿನಲ್ಲಿ ನಿಲ್ಲಿಸುವವರು ಗಾಲಿಗೆ ಕಲ್ಲು ಕೊಡುವ ಹಳೆಯ ಪದ್ಧತಿಯನ್ನು ಬಿಡಬಾರದು.

ಕ್ರಾಸು ಮುರಿಯುವ ಮುಂಚೆ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಮುಂದಿನ ಗೇರಿನಿಂದ ರಿವರ್ಸಿಗೆ ಹಾಕುವಾಗ ಅಡಿಯಲ್ಲಿ 'ಟಣ್' ಎಂಬ ಸದ್ದು, ಓಟದಲ್ಲಿ ನಡುಕ, ಬಟ್ಟಲಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ. ಸಮತಟ್ಟಾದ ಜಾಗದಲ್ಲಿ ನಾಲ್ಕೂ ಗಾಲಿಗೆ ಅಡ್ಡ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಕೆಳಗೆ ನುಗ್ಗಿ ಕ್ರಾಸಿನ ಎರಡೂ ಬದಿಯನ್ನು ಕೈಯಿಂದ ಎದುರು ದಿಕ್ಕಿಗೆ ತಿರುಚಿ ನೋಡಬೇಕು. ಕೈಗೆ ಸಡಿಲ ತಿಳಿದರೆ ಅದರ ಕಾಲ ಮುಗಿದಂತೆ. ನಿಪ್ಪಲ್ ಇರುವ ಕ್ರಾಸಿಗೆ ಗ್ರೀಸ್ ಗನ್ನಿನಿಂದ ಹೊಡೆಯುವಾಗ ನಾಲ್ಕೂ ಬಟ್ಟಲಿನ ಅಂಚಿನಿಂದ ಹಳೆಯ ಗ್ರೀಸು ಹೊರಬರುವವರೆಗೆ ಹೊಡೆಯಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದು ಬಟ್ಟಲು ಉಪವಾಸವಿದೆಯೆಂದು ಅರ್ಥ. ಹಳ್ಳ ದಾಟುವ ಗಾಡಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊಡೆದರೂ ತಪ್ಪಿಲ್ಲ.

ಹೊಸ ಕ್ರಾಸು ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡುವುದು ಮೇಲು. ಬಿಡಿ ಸೂಜಿಗಳನ್ನು ಗ್ರೀಸಿನ ಅಂಟಿನಿಂದ ನಿಲ್ಲಿಸಿರುತ್ತಾರೆ. ಒಂದು ಸೂಜಿ ಬಿದ್ದು ಬಟ್ಟಲಿನ ತಳದಲ್ಲಿ ಅಡ್ಡ ಮಲಗಿದರೂ ಬಟ್ಟಲು ಪೂರ್ತಿ ಒಳಗೆ ಹೋಗದು, ಬೀಗದ ಕ್ಲಿಪ್ಪು ಅದರ ಗಾಡಿಯಲ್ಲಿ ಕೂರದು. ಆಗ ಸುತ್ತಿಗೆ ಬೀಸುವವರನ್ನು ತಡೆದು, ಬಿಚ್ಚಿ ಮತ್ತೆ ಜೋಡಿಸಿರೆಂದು ಹೇಳಬೇಕು.

ಎಲ್ಲಿ ಬೇಡ, ಕೊಳ್ಳುವಾಗ ಏನು ನೋಡಬೇಕು

ಅಡಿಕೆ ಸುಲಿಯುವ ಯಂತ್ರ, ಕಾಫಿ ಪಲ್ಪರ್ ಮೊದಲಾದವುಗಳ ಮುಖ್ಯ ಶಾಫ್ಟಿಗೆ ಸಾಮಾನ್ಯವಾಗಿ ಬಾಲ್ ಬೇರಿಂಗು ಅಥವಾ ಬುಷ್ ಇರುತ್ತದೆ, ಅದೇ ಸರಿ. ಅಲ್ಲಿ ಜಾಗಕ್ಕೆ ಕೊರತೆಯಿಲ್ಲ, ಚೌಕಟ್ಟು ಸ್ವಲ್ಪ ಸೊಟ್ಟಗಿರುವುದೂ ಉಂಟು. ಸೂಜಿ ಬೇರಿಂಗು ಸೊಟ್ಟವನ್ನು ಸಹಿಸದು. ಶಾಫ್ಟು ಓರೆಯಾದರೆ ಕಡ್ಡಿಯ ಒಂದು ತುದಿಯ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಶಾಫ್ಟಿನ ಉದ್ದಕ್ಕೆ ಬರುವ ತಳ್ಳಾಟವನ್ನೂ ಅದು ತಡೆಯಲಾರದು. 'ಹೆಚ್ಚು ಭಾರ ಹೊರುತ್ತದಂತೆ' ಎಂದು ಕೇಳಿ ಇರುವ ಬೇರಿಂಗನ್ನು ಬದಲಿಸಲು ಹೊರಡುವವರು ಸ್ವಲ್ಪ ತಡೆಯಬೇಕು.

ಅಂಗಡಿಗೆ ಹೋಗುವಾಗ ಹಳೆಯ ಬೇರಿಂಗನ್ನೂ ಪಿನ್ನನ್ನೂ ಜೊತೆಗೇ ಒಯ್ಯಿರಿ. ಪಂಜರದ ಅಂಚಿನಲ್ಲಿ ಕೆ 10x14x10 ಎಂದಿದ್ದರೆ ಒಳ ಅಳತೆ 10, ಹೊರ ಅಳತೆ 14, ಅಗಲ 10 ಮಿ.ಮೀ. ಎಂದರ್ಥ. ಎಚ್‌.ಕೆ. ಎಂದರೆ ತಗಡಿನ ಬಟ್ಟಲಿನದು, ಎರಡೂ ಕಡೆ ತೆರೆದದ್ದು, ಬಿ.ಕೆ. ಎಂದರೆ ಒಂದು ಕಡೆ ಮುಚ್ಚಿದ್ದು. ಈ ತಗಡಿನ ಬಟ್ಟಲು ತೀರ ತೆಳ್ಳಗಿದ್ದು ತಾನು ಕೂರುವ ತೂತಿನ ಆಕಾರವನ್ನೇ ತಾಳುತ್ತದೆ. ಅದನ್ನು ನಂಬರು ಬರೆದ ಬದಿಯಿಂದ, ಸರಿಯಾದ ಅಳತೆಯ ಗುಟ್ಟವಿಟ್ಟು ಒತ್ತಿಯೇ ಕೂರಿಸಬೇಕು. ನೇರ ಸುತ್ತಿಗೆ ಪೆಟ್ಟು ಬಿದ್ದರೆ ಹೊಸ ಬೇರಿಂಗು ಓಡುವ ಮೊದಲೇ ಹಾಳು.

ಪಿನ್ನಿನ ಪರೀಕ್ಷೆಗೆ ಉಪಕರಣ ಬೇಡ. ಒರೆಸಿ, ಉಗುರನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯಿರಿ. ಎಲ್ಲಿಯಾದರೂ ಉಗುರು ತಡೆದರೆ, ನೀಲಿ ಬಣ್ಣ ಕಂಡರೆ ಅಥವಾ ತುಕ್ಕಿನ ಕಲೆಯ ಕೆಳಗೆ ಸಣ್ಣ ಗುಳಿ ಕಂಡರೆ ಪಿನ್ನನ್ನೂ ಬೇರಿಂಗನ್ನೂ ಕೂಡಿಯೇ ಬದಲಿಸಿ. ಕ್ಲಚ್ ಡ್ರಮ್ಮಿನ ಬೇರಿಂಗಾದರೆ ಶಾಫ್ಟಿನ ತುದಿಯನ್ನೂ ಡ್ರಮ್ಮಿನ ಒಳಮೈಯನ್ನೂ ಹೀಗೆಯೇ ನೋಡಬೇಕು. ನಮ್ಮ ಕಳೆ ಯಂತ್ರಕ್ಕೆ ಎರಡನ್ನೂ ಒಟ್ಟಿಗೆ ಹಾಕಿಸಿದ ಮೇಲೆ ಆ ಮಳೆಗಾಲ ಮುಗಿಯುವವರೆಗೂ ಅದನ್ನು ಮತ್ತೆ ಬಿಚ್ಚುವ ಪ್ರಮೇಯ ಬರಲಿಲ್ಲ.